ವರ್ತನಾವಾದ: ಒಂದೇ ಜೊಲ್ಲಿಗೆ ಎರಡು ಹೆಸರೇಕೆ?

ಮನೋವಿಜ್ಞಾನವು ತತ್ತ್ವಶಾಸ್ತ್ರದಿಂದ ಬೇರ್ಪಟ್ಟು ಪ್ರಯೋಗಶಾಸ್ತ್ರವಾದ ವರ್ಷವೆಂದು ಪಠ್ಯಪುಸ್ತಕಗಳು 1879ನ್ನು ಕೊಡುತ್ತವೆ; ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಪ್ರಯೋಗಾಲಯವನ್ನು ಆರಂಭಿಸಿದ್ದು ಆ ವರ್ಷ. ಸಂವೇದನೆಯನ್ನು ಅಳೆಯಬಹುದೆಂದು ಜರ್ಮನ್ ವಿಜ್ಞಾನಿ ಫೆಕ್ನರ್ 1860ರಲ್ಲಿಯೇ ವಾದಿಸಿದ್ದರಿಂದ ನೆಲ ಮೊದಲೇ ಹದವಾಗಿತ್ತು. ವುಂಟ್ ಅವರ ಬಳಿ ಡಾಕ್ಟರೇಟ್ ಪಡೆದ ಬ್ರಿಟಿಷ್ ಮನೋವಿಜ್ಞಾನಿ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಗೆ ಗುರುವಾದರು, ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೂ ಬರೆದಿಟ್ಟುಕೊಳ್ಳಬೇಕೆನಿಸಿತು.

ವುಂಟ್ ಅವರ ವಿಧಾನವಾದ ಅಂತರಾವಲೋಕನದಲ್ಲಿ, ತರಬೇತಿ ಪಡೆದ ವೀಕ್ಷಕನು ತನ್ನ ಅನುಭವವನ್ನು ತಾನೇ ಗಮನಿಸಿ ವರದಿ ಮಾಡಬೇಕು. ಮನಸ್ಸಿನಲ್ಲಿ ಬಿಂಬಗಳಿಲ್ಲದ ಆಲೋಚನೆ ಸಾಧ್ಯವೆಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನ ಮನೋವಿಜ್ಞಾನಿಗಳು ಹೇಳಿದಾಗ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಟಿಚ್ನರ್ ಅದನ್ನು ಒಪ್ಪಲಿಲ್ಲ. ಒಬ್ಬರ ಮನಸ್ಸಿನೊಳಗೆ ಮತ್ತೊಬ್ಬರು ಇಣುಕಲಾಗದ್ದರಿಂದ ಈ ವ್ಯಾಜ್ಯ ತೀರಲು ದಾರಿಯೇ ಇರಲಿಲ್ಲ. ಹೊರಗಿನಿಂದ ಕಾಣುವ ವರ್ತನೆಯೊಂದೇ ಅಧ್ಯಯನದ ವಸ್ತುವಾಗಬೇಕೆಂದು ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1913ರಲ್ಲಿ ಘೋಷಿಸಿದ್ದರ ಹಿನ್ನೆಲೆ ಇದೇ. ಆ ನಿಲುವೇ ವರ್ತನಾವಾದ.

ಇನ್ನು ಪಾವ್ಲೋವ್. ಅವರು ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ಶರೀರವಿಜ್ಞಾನಿ. ನಾಯಿ, ಆಹಾರ, ಗಂಟೆಯ ಕಥೆ ಎಲ್ಲರಿಗೂ ಗೊತ್ತು. ತೊಡಕಿರುವುದು ನಾಲ್ಕು ಹೆಸರುಗಳನ್ನು ಹಂಚುವಲ್ಲಿ. ಆಹಾರ ಅನನುಬಂಧಿತ (ಕಲಿಯದೆಯೇ ಕೆಲಸ ಮಾಡುವ) ಪ್ರಚೋದನೆ, ಅದಕ್ಕೆ ಸುರಿಯುವ ಜೊಲ್ಲು ಅನನುಬಂಧಿತ ಪ್ರತಿಕ್ರಿಯೆ. ಮೊದಲು ತಟಸ್ಥವಾಗಿದ್ದ ಗಂಟೆ, ಆಹಾರದೊಂದಿಗೆ ಮತ್ತೆ ಮತ್ತೆ ಜೋಡಿಯಾದ ಮೇಲೆ ಅನುಬಂಧಿತ (ಕಲಿಕೆಯಿಂದ ಕೆಲಸ ಮಾಡುವ) ಪ್ರಚೋದನೆಯಾಗುತ್ತದೆ, ಆಗ ಗಂಟೆಗೆ ಸುರಿಯುವ ಜೊಲ್ಲು ಅನುಬಂಧಿತ ಪ್ರತಿಕ್ರಿಯೆ. ಜೊಲ್ಲು ಅದೇ, ಹೆಸರು ಮಾತ್ರ ಬೇರೆ, ಏಕೆಂದರೆ ಹೆಸರನ್ನು ನಿರ್ಧರಿಸುವುದು ಪ್ರತಿಕ್ರಿಯೆಯ ರೂಪವಲ್ಲ, ಅದು ಯಾವುದಕ್ಕೆ ಬಂತು ಮತ್ತು ಆ ನಂಟು ಕಲಿತದ್ದೋ ಹುಟ್ಟಿನಿಂದ ಬಂದದ್ದೋ ಎಂಬುದು. ಆದ್ದರಿಂದ ಯಾವ ಉದಾಹರಣೆ ಕೊಟ್ಟರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವ ಕಲಿಕೆಯೂ ಇಲ್ಲದೆ ಇಲ್ಲಿ ತಾನಾಗಿ ನಡೆಯುತ್ತಿದ್ದುದು ಯಾವುದು?

1920ರಲ್ಲಿ ವಾಟ್ಸನ್ ಮತ್ತು ರೋಸಲಿ ರೇನರ್ ಪ್ರಕಟಿಸಿದ ‘ಪುಟ್ಟ ಆಲ್ಬರ್ಟ್’ ಪ್ರಯೋಗಕ್ಕೆ ಈ ಪ್ರಶ್ನೆಯನ್ನು ಹಾಕಿ ನೋಡೋಣ. ಕಥೆಯಲ್ಲಿ ಬಿಳಿ ಇಲಿ ಮೊದಲು ಕಾಣಿಸಿಕೊಳ್ಳುವುದರಿಂದ ಅದೇ ಅನನುಬಂಧಿತ ಪ್ರಚೋದನೆ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಮಗು ಆರಂಭದಲ್ಲಿ ಇಲಿಗೆ ಹೆದರಿರಲಿಲ್ಲ. ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದಾಗ ಹೆದರಿತು. ಹಾಗಾಗಿ ಸದ್ದು ಅನನುಬಂಧಿತ ಪ್ರಚೋದನೆ, ಸದ್ದಿಗೆ ಬಂದ ಭಯ ಅನನುಬಂಧಿತ ಪ್ರತಿಕ್ರಿಯೆ. ಇಲಿಯನ್ನು ಮುಟ್ಟಿದಾಗಲೆಲ್ಲ ಸದ್ದು ಕೇಳಿಸಿದ ನಂತರ ಇಲಿ ಅನುಬಂಧಿತ ಪ್ರಚೋದನೆ, ಇಲಿ ಕಂಡೊಡನೆ ಬಂದ ಅಳು ಅನುಬಂಧಿತ ಪ್ರತಿಕ್ರಿಯೆ. ಕಥೆಯಲ್ಲಿ ಯಾವುದು ಮೊದಲು ಬಂತೆಂಬುದಕ್ಕೂ ಹೆಸರಿಗೂ ಸಂಬಂಧವಿಲ್ಲ. ಭಯವು ಮುಂದೆ ಮೊಲ, ನಾಯಿ, ತುಪ್ಪಳದ ಕೋಟುಗಳಿಗೂ ಹಬ್ಬಿದ್ದೇ ಸಾಮಾನ್ಯೀಕರಣ. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳುಹಿಸಿದ್ದು ಈ ಪ್ರಯೋಗದ ಮೇಲಿರುವ ಗಂಭೀರವಾದ ಆಕ್ಷೇಪಣೆ.

ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಒಗಟುಪೆಟ್ಟಿಗೆಯಲ್ಲಿ (ತಾನೇ ಬಾಗಿಲು ತೆರೆದು ಹೊರಬಂದರೆ ಮಾತ್ರ ಆಹಾರ ಸಿಗುವಂಥ ಪೆಟ್ಟಿಗೆ) ಇಟ್ಟು, ತೃಪ್ತಿ ತಂದ ಕ್ರಿಯೆ ಗಟ್ಟಿಯಾಗುತ್ತದೆಂದು ಕಂಡುಕೊಂಡರು. ಅದೇ ಮುಂದೆ ಪರಿಣಾಮ ನಿಯಮವಾಯಿತು. ಪಾವ್ಲೋವ್‌ರಲ್ಲಿ ಆಹಾರ ನಾಯಿ ಏನು ಮಾಡಿದರೂ ಬರುತ್ತದೆ, ಇಲ್ಲಿ ಬೆಕ್ಕು ಏನಾದರೂ ಮಾಡಿದರೆ ಮಾತ್ರ ಸಿಗುತ್ತದೆ. ಪಾವ್ಲೋವ್‌ರ ಬಗೆಯ ಅಭಿಜಾತ ಅನುಬಂಧನ ಮತ್ತು ಥಾರ್ನ್‌ಡೈಕ್‌ರ ಬಗೆಯ ಕ್ರಿಯಾಜನ್ಯ ಅನುಬಂಧನಗಳ ನಡುವಿನ ಗೆರೆ ಇದೇ.

ಅಮೆರಿಕದ ವರ್ತನಾವಾದಿ ಸ್ಕಿನ್ನರ್ ಈ ಎಳೆಯನ್ನೇ 1938ರಲ್ಲಿ ವಿಸ್ತರಿಸಿದರು. ಅವರ ಪ್ರಯೋಗದ ಪೆಟ್ಟಿಗೆಯಲ್ಲಿನ ಇಲಿ ಸನ್ನೆಕೋಲನ್ನು ಒತ್ತಿದಾಗ ವಿದ್ಯುತ್ ಆಘಾತ ನಿಂತು, ಒತ್ತುವಿಕೆ ಹೆಚ್ಚಿದರೆ ಅದು ಋಣಾತ್ಮಕ ಪುನರ್ಬಲನ. ಒತ್ತಿದ್ದಕ್ಕೆ ಆಘಾತ ಸಿಕ್ಕಿ, ಒತ್ತುವಿಕೆ ಕಡಿಮೆಯಾದರೆ ಶಿಕ್ಷೆ. ಪುನರ್ಬಲನ ಯಾವಾಗಲೂ ವರ್ತನೆಯನ್ನು ಹೆಚ್ಚಿಸುತ್ತದೆ. ಋಣವೆಂದರೆ ಅಹಿತವಾದುದನ್ನು ಕಳೆದದ್ದು ಎಂದಷ್ಟೇ ಅರ್ಥ.