ಡಾಲ್ಟನ್ ಕಣ್ಣಿನಿಂದ ಹಸಿರು ಕಳೆದುಹೋದದ್ದು ಹೇಗೆ?

ಹೈಸ್ಕೂಲಿನಲ್ಲಿ ಪರಮಾಣು ಸಿದ್ಧಾಂತ ಓದಿದವರಿಗೆಲ್ಲ ಜಾನ್ ಡಾಲ್ಟನ್ ಗೊತ್ತು. ಆತನ ಕಣ್ಣಿನ ಕಥೆ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಬೇರೆಯವರಿಗೆ ಗುಲಾಬಿ ಬಣ್ಣವಾಗಿ ಕಾಣುವ ಜೆರೇನಿಯಂ ಹೂವು ಆತನಿಗೆ ಹಗಲಿನಲ್ಲಿ ನೀಲಿಯಾಗಿ ಕಾಣುತ್ತಿತ್ತು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವಾಂಸರ ಮುಂದೆ ಇದನ್ನು ವಿವರಿಸಿದ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಅದೇ ಕೆಂಪನ್ನು ಹೀರಿಕೊಳ್ಳುತ್ತಿದೆ ಎನ್ನುವುದು ಆತನ ಊಹೆ. ಸತ್ತ ಮೇಲೆ ಕಣ್ಣು ತೆಗೆದು ಪರೀಕ್ಷೆ ಮಾಡಿ ಎಂದು ಹೇಳಿಯೂ ಇಟ್ಟಿದ್ದ. 1844ರಲ್ಲಿ ವೈದ್ಯರು ನೋಡಿದರು. ದ್ರವ ತಿಳಿಯಾಗಿಯೇ ಇತ್ತು. ಆದರೆ ಕಣ್ಣಿನ ಉಳಿಕೆಯನ್ನು ಪುಣ್ಯಕ್ಕೆ ಯಾರೂ ಎಸೆಯಲಿಲ್ಲ. 1995ರಲ್ಲಿ ಅದರಿಂದ ಡಿಎನ್ಎ ತೆಗೆದು ಓದಿದಾಗ ಉತ್ತರ ಸಿಕ್ಕಿತು. ಹಸಿರು ಬೆಳಕನ್ನು ಹಿಡಿಯುವ ಪ್ರೋಟೀನಿನ ಜೀನ್ ಆತನಲ್ಲಿ ಇರಲೇ ಇಲ್ಲ.

ಡಿಎನ್ಎ ಸರಣಿಯ ಒಂದು ಅಕ್ಷರ ತಪ್ಪಾಗಿದ್ದಲ್ಲ, ಇಡೀ ಜೀನ್ ನಾಪತ್ತೆ. ಅದು ಹೇಗೆ?

ಕೆಂಪಿನ ಜೀನ್ ಮತ್ತು ಹಸಿರಿನ ಜೀನ್ ಎರಡೂ ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ. ಸಾಮಾನ್ಯವಾಗಿ ಮೊದಲು ಕೆಂಪು ಒಂದು, ಅದರ ಹಿಂದೆ ಹಸಿರು ಒಂದೋ ಎರಡೋ. ಎರಡು ಪ್ರೋಟೀನುಗಳಲ್ಲೂ 364 ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ಕೊಂಡಿಗಳು. ವ್ಯತ್ಯಾಸ ಇರುವುದು ಸುಮಾರು 15 ಕಡೆ ಮಾತ್ರ. ತೊಂದರೆ ಶುರುವಾಗುವುದು ಈ ಹೋಲಿಕೆಯಿಂದಲೇ.

ತಾಯಿಯ ದೇಹದಲ್ಲಿ ಅಂಡಾಣು ತಯಾರಾಗುವಾಗ ಅವಳ ಎರಡು ಎಕ್ಸ್‌ಗಳು ಒಂದರ ಪಕ್ಕ ಒಂದು ಬಂದು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದೇ ಮರುಜೋಡಣೆ. ಮಕ್ಕಳೆಲ್ಲ ಒಂದೇ ಅಚ್ಚಿನವರಾಗದೇ ಇರುವುದಕ್ಕೆ ಇದೂ ಒಂದು ಕಾರಣ. ತನ್ನ ಜೋಡಿ ಯಾವುದು ಎಂದು ಡಿಎನ್ಎ ಗುರುತಿಸುವುದು ಅಕ್ಷರಗಳ ಹೋಲಿಕೆ ನೋಡಿ. ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ಅಕ್ಷರಗಳ ಇನ್ನೊಂದು ಸಾಲು ಇದ್ದರೆ? ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿ ಹಾಕಿದ ಹಾಗೆ, ಒಂದು ಎಕ್ಸ್‌ನ ಕೆಂಪು ಇನ್ನೊಂದರ ಹಸಿರಿಗೆ ಜೋಡಿಯಾಗಿಬಿಡುತ್ತದೆ. ಆ ಜಾಗದಲ್ಲಿ ಕತ್ತರಿಸಿ ಅದಲುಬದಲಾದರೆ ಒಂದು ಎಕ್ಸ್‌ಗೆ ಹಸಿರು ಜಾಸ್ತಿ ಸಿಗುತ್ತದೆ, ಇನ್ನೊಂದರಲ್ಲಿ ಹಸಿರೇ ಉಳಿಯುವುದಿಲ್ಲ. ಒಮ್ಮೊಮ್ಮೆ ಅರ್ಧ ಕೆಂಪು, ಅರ್ಧ ಹಸಿರಿನ ಬೆರಕೆ ಜೀನ್ ಹುಟ್ಟುತ್ತದೆ. ಅಂಥವರಿಗೆ ಬಣ್ಣ ಪೂರ್ತಿ ಕಾಣದೇ ಇರುವುದಿಲ್ಲ, ಆದರೆ ಗುರುತಿಸುವಾಗ ತಡವರಿಸುತ್ತಾರೆ.

ಹೆಣ್ಣಿಗೆ ಇನ್ನೊಂದು ಎಕ್ಸ್ ಇರುವುದರಿಂದ ಸಾಮಾನ್ಯವಾಗಿ ಪಾರು. ಗಂಡಿಗೆ ಇರುವುದೇ ಒಂದು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರು ಗೊಂದಲ ಇರುವುದು ಹೀಗೆ. ಡಾಲ್ಟನ್ ಸೋದರನಿಗೂ ಇತ್ತು. ನೀಲಿಯ ಜೀನ್ 7ನೇ ಕ್ರೋಮೋಸೋಮಿನಲ್ಲಿದೆ, ಪಕ್ಕದಲ್ಲಿ ಅದನ್ನು ಹೋಲುವ ಜೊತೆಗಾರ ಇಲ್ಲ. ನೀಲಿ ಕಾಣದ ತೊಂದರೆ ತೀರಾ ಅಪರೂಪ!

ಇಷ್ಟಕ್ಕೂ ಈ ಎರಡು ಜೀನ್‌ಗಳು ಇಷ್ಟೊಂದು ಹೋಲುವುದು ಯಾಕೆ? ಮೂಲತಃ ಇದ್ದದ್ದು ಒಂದೇ. ಸುಮಾರು 3ರಿಂದ 4 ಕೋಟಿ ವರ್ಷಗಳ ಹಿಂದೆ, ಏಷ್ಯಾ-ಆಫ್ರಿಕಾದ ಮಂಗಗಳ ಮತ್ತು ನಮ್ಮ ಪೂರ್ವಜರಲ್ಲಿ ಅದು ಎರಡಾಯಿತು. ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿತ್ತು, ಇನ್ನೊಂದು ಸ್ವಲ್ಪ ಸ್ವಲ್ಪವೇ ಬದಲಾಯಿತು. ಹಸಿರೆಲೆಗಳ ನಡುವೆ ಕೆಂಪು ಹಣ್ಣು ಎದ್ದು ಕಾಣುವ ಭಾಗ್ಯ ಬಂದದ್ದು ಹಾಗೆ. ದಕ್ಷಿಣ ಅಮೆರಿಕದ ಹೌಲರ್ ಮಂಗಗಳಲ್ಲಿ ಇದೇ ಜೀನ್ ಬೇರೆಯಾಗಿಯೇ ಇನ್ನೊಮ್ಮೆ ಎರಡಾಗಿದೆ. ಎರಡಾದ ಜೀನ್ ಹೊಸ ಬಣ್ಣ ಕೊಟ್ಟಿತು, ಎರಡಾಗಿರುವುದರಿಂದಲೇ ಅದು ಕಳೆದುಹೋಗುವ ದಾರಿಯೂ ತೆರೆದುಕೊಂಡಿತು. ಇದನ್ನು ದೋಷ ಅನ್ನಬೇಕೋ ವರ ಅನ್ನಬೇಕೋ, ನನಗಂತೂ ಎರಡನ್ನೂ ಬಿಡಿಸಿ ನೋಡಲು ಆಗುವುದಿಲ್ಲ.

ತಪ್ಪಾಗಿ ಜೋಡಿಯಾಗುವ ಈ ಆಟ ಮೊದಲು ಸಿಕ್ಕಿಬಿದ್ದದ್ದು ಹಣ್ಣಿನ ನೊಣದಲ್ಲಿ. ಕಣ್ಣು ಪಟ್ಟಿಯಂತೆ ಕಿರಿದಾಗಿದ್ದ ನೊಣಗಳಿಗೆ ಆಗೊಮ್ಮೆ ಈಗೊಮ್ಮೆ ಸರಿಯಾದ ಕಣ್ಣಿನ ಮರಿ ಹುಟ್ಟುತ್ತಿತ್ತು, ಕೆಲವು ಸಲ ಇನ್ನೂ ಕಿರಿದಾದ ಕಣ್ಣಿನದು. ಅದಲುಬದಲಿನ ಹಂಚಿಕೆ ಸಮವಾಗಿ ಆಗುತ್ತಿಲ್ಲ ಎಂದು 1925ರಲ್ಲಿ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟ್‌ವೆಂಟ್ ತೋರಿಸಿದರು. 1936ರಲ್ಲಿ ಕ್ಯಾಲ್ವಿನ್ ಬ್ರಿಡ್ಜಸ್ ಮೈಕ್ರೋಸ್ಕೋಪಿನಲ್ಲಿ ಆ ನೊಣಗಳ ಕ್ರೋಮೋಸೋಮಿನ ಒಂದು ಜಾಗ ಎರಡೆರಡು ಸಲ ಇರುವುದನ್ನು ಕಂಡರು.

ಹೀಗೆ ಜಾರುವುದಕ್ಕೆ ಜೀನೇ ಆಗಬೇಕೆಂದಿಲ್ಲ, ಒಂದೇ ಥರದ ಸಾಲು ಎರಡು ಕಡೆ ಇದ್ದರೆ ಸಾಕು. ನಮ್ಮ ಜೀನೋಮಿನ, ಅಂದರೆ ಇಡೀ ಡಿಎನ್ಎಯ, ಹೆಚ್ಚುಕಮ್ಮಿ ಅರ್ಧ ಭಾಗ ಇಂಥ ಮರುಕಳಿಸುವ ಸಾಲುಗಳೇ. ಆಲು ಎಂಬ ಸುಮಾರು 300 ಅಕ್ಷರಗಳ ತುಣುಕೊಂದರ ಪ್ರತಿಗಳೇ 10 ಲಕ್ಷಕ್ಕೂ ಜಾಸ್ತಿ ಇವೆ.

17ನೇ ಕ್ರೋಮೋಸೋಮಿನಲ್ಲಿ ಸುಮಾರು 24,000 ಅಕ್ಷರಗಳ ಒಂದು ಸಾಲು ಎರಡು ಕಡೆ ಇದೆ. ನಡುವೆ ಹದಿನಾಲ್ಕು ಲಕ್ಷದಷ್ಟು ಅಕ್ಷರಗಳು, ಅದರೊಳಗೆ ನರದ ಹೊದಿಕೆಗೆ ಬೇಕಾದ ಪಿಎಂಪಿ22 ಎಂಬ ಜೀನ್. ಆ ಎರಡು ಸಾಲುಗಳು ತಪ್ಪಾಗಿ ಜೋಡಿಯಾದರೆ ನಡುವಿನದ್ದೆಲ್ಲ ಒಂದು ಕಡೆ ಎರಡು ಪಟ್ಟು, ಇನ್ನೊಂದು ಕಡೆ ಮಾಯ. ಸಾಮಾನ್ಯವಾಗಿ ಈ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿ ಇರುತ್ತದೆ. ಒಟ್ಟು ಮೂರು ಪ್ರತಿ ಆದವರಿಗೆ ಪಾದ, ಕೈಗಳ ಶಕ್ತಿ ನಿಧಾನವಾಗಿ ಕುಂದುವ ಶಾರ್ಕೋ-ಮಾರೀ-ಟೂತ್ ಕಾಯಿಲೆ. ಒಂದೇ ಪ್ರತಿ ಉಳಿದವರಿಗೆ ಬೇರೆ ಪಾಡು: ಕಾಲ ಮೇಲೆ ಕಾಲು ಹಾಕಿ ಕೂತರೂ, ಮೊಣಕೈ ಊರಿದರೂ ನರ ಸೋತು, ಕೆಲವೊಮ್ಮೆ ವಾರಗಟ್ಟಲೆ ಮರಗಟ್ಟಿರುತ್ತದೆ. ಮೊದಲನೆಯದರ ಕಾರಣ 1991ರಲ್ಲಿ ಗೊತ್ತಾಯಿತು, ಎರಡನೆಯದರದ್ದು 1993ರಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಇಲ್ಲದೆ ಮಗುವಿಗೆ ಹೊಸದಾಗಿ ಮೂರು ಪ್ರತಿ ಬಂದಿದ್ದರೆ, ಹೆಚ್ಚಿನ ಸಲ ಆ ಜಾರುವಿಕೆ ಆಗಿರುವುದು ತಂದೆಯ ವೀರ್ಯಾಣು ತಯಾರಾಗುವಾಗ.