ಹಾರ್ಟ್ ಅಟ್ಯಾಕ್ ಜೀನ್ ಸಿಕ್ಕಿತು ಅಂದುಕೊಂಡ ವರ್ಷ

1995ರ ನವೆಂಬರ್ 20. ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ರಷ್ಯಾದ ಸ್ಕೇಟಿಂಗ್ ಪಟು ಸೆರ್ಗೈ ಗ್ರಿಂಕೋವ್ ಹೆಂಡತಿಯ ಜೊತೆ ಅಭ್ಯಾಸ ಮಾಡುತ್ತಿದ್ದರು. ಐಸ್ ಮೇಲೇ ಕುಸಿದರು, ಮತ್ತೆ ಏಳಲಿಲ್ಲ. ವಯಸ್ಸು 28. ಎರಡು ಒಲಿಂಪಿಕ್ ಚಿನ್ನ ಗೆದ್ದ ಜೋಡಿ ಅದು. ನೋಡಿದರೆ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು.

ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಅವರ ರಕ್ತ ಪರೀಕ್ಷಿಸಿದರು. ಪ್ಲೇಟ್‌ಲೆಟ್ ಮೇಲಿನ ಒಂದು ಪ್ರೋಟೀನ್ ಪಿಎಲ್‌ಎ2 ಎಂಬ ರೂಪದಲ್ಲಿತ್ತು.

ಪ್ಲೇಟ್‌ಲೆಟ್ ಅಂದರೆ ನಮಗೆ ನೆನಪಾಗುವುದು ಡೆಂಗಿ. ‘ಕೌಂಟ್ ಎಷ್ಟಿದೆ?’ ಅನ್ನುವುದೇ ಆಗ ಮನೆಮಂದಿಯ ಮಾತು. ಕಮ್ಮಿಯಾದರೆ ರಕ್ತ ನಿಲ್ಲದ ಭಯ. ಹಾರ್ಟ್ ಅಟ್ಯಾಕ್‌ನಲ್ಲಿ ತೊಂದರೆ ಉಲ್ಟಾ. ಹೃದಯದ ನಾಳದೊಳಗಿನ ಕೊಬ್ಬಿನ ಪದರ ಬಿರಿಯುತ್ತದೆ. ಅದನ್ನು ಗಾಯ ಎಂದುಕೊಂಡು ಪ್ಲೇಟ್‌ಲೆಟ್‌ಗಳು ಓಡಿಬಂದು ಅಂಟಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಒಂದಕ್ಕೊಂದು ಅಂಟಲು ಅವಕ್ಕೆ ಬೇಕಾದ ಕೊಂಡಿಯಲ್ಲಿ ಎರಡು ಪ್ರೋಟೀನ್‌ಗಳಿವೆ. ಗ್ರಿಂಕೋವ್ ರಕ್ತದಲ್ಲಿ ಪಿಎಲ್‌ಎ2 ರೂಪದಲ್ಲಿದ್ದದ್ದು ಅವುಗಳಲ್ಲೇ ಒಂದು. ಈ ಕೊಂಡಿಯೇ ಕೆಟ್ಟು ಹುಟ್ಟಿದವರಿಗೆ ರಕ್ತಸ್ರಾವ ಸುಲಭಕ್ಕೆ ನಿಲ್ಲುವುದಿಲ್ಲ. ಆ ಕಾಯಿಲೆಯನ್ನು ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಗ್ಲಾನ್ಜ್‌ಮನ್ 1918ರಲ್ಲೇ ವಿವರಿಸಿದ್ದರು.

ಪಿಎಲ್‌ಎ ಗುಂಪು ಮೊದಲು ಗೊತ್ತಾಗಿದ್ದು ಹೃದಯದವರಿಗಲ್ಲ, ರಕ್ತ ಕೊಡಿಸುವವರಿಗೆ. ಕೊಟ್ಟವರ ಪ್ಲೇಟ್‌ಲೆಟ್ ಪಡೆದವರ ಮೈಗೆ ಒಗ್ಗದೆ ಹೋಗುತ್ತಿತ್ತಲ್ಲ, ಅದರ ಜಾಡು ಹಿಡಿದು. ಪಿಎಲ್‌ಎ1, ಪಿಎಲ್‌ಎ2 ಎಂಬ ಎರಡು ರೂಪಗಳ ನಡುವಿನ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ ಎಂದು ತಿಳಿದದ್ದು 1989ರಲ್ಲಿ. 33ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್, ಅಷ್ಟೇ.

1996ರಲ್ಲಿ ಹಾಪ್ಕಿನ್ಸ್ ತಂಡದ ವರದಿ ಬಂತು. ಹೃದಯದ ತೊಂದರೆಯಿದ್ದ 71 ಮಂದಿಯಲ್ಲಿ 28 ಜನರಿಗೆ ಪಿಎಲ್‌ಎ2 ಇತ್ತು. ತೊಂದರೆ ಇಲ್ಲದ 68 ಮಂದಿಯಲ್ಲಿ 13 ಜನರಿಗೆ ಮಾತ್ರ. 60 ವರ್ಷದೊಳಗೇ ಕಾಯಿಲೆ ಬಿದ್ದವರಲ್ಲಿ ಅರ್ಧದಷ್ಟು ಜನರಿಗಿತ್ತು. ಗ್ರಿಂಕೋವ್ ಕತೆ ಜೊತೆಗೂಡಿತು, ಪೇಪರುಗಳಿಗೆ ಇನ್ನೇನು ಬೇಕು?

ಆದರೆ ಆ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಇತ್ತ ನಾಲ್ಕು ಜನ ಕಮ್ಮಿಯಾಗಿ, ಅತ್ತ ನಾಲ್ಕು ಜನ ಜಾಸ್ತಿಯಾಗಿದ್ದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಇಷ್ಟು ಸಣ್ಣ ಗುಂಪನ್ನು ನಂಬಿ ‘ಜೀನ್ ಸಿಕ್ಕಿತು’ ಅನ್ನುವುದು ಅವಸರವೇ ಅಲ್ವಾ?

ಮರುವರ್ಷವೇ ದೊಡ್ಡ ಪರೀಕ್ಷೆ ನಡೆಯಿತು. ಅಮೆರಿಕದ 22,000 ಗಂಡು ಡಾಕ್ಟರುಗಳ ಮೇಲೆ ಮೊದಲೇ ಒಂದು ಅಧ್ಯಯನ ನಡೆದಿತ್ತು. ಆಸ್ಪಿರಿನ್ ಮೊದಲ ಹಾರ್ಟ್ ಅಟ್ಯಾಕ್ ಅನ್ನು 44% ತಗ್ಗಿಸಿತು ಎಂದು 1989ರಲ್ಲಿ ಹೇಳಿದ್ದು ಅದೇ. ಅವರಲ್ಲಿ ಸುಮಾರು 15,000 ಜನ ಆರೋಗ್ಯವಾಗಿದ್ದಾಗಲೇ ರಕ್ತ ಕೊಟ್ಟಿದ್ದರು. ಲಾಭ ಇರುವುದು ಇಲ್ಲೇ. ಆಸ್ಪತ್ರೆಯಲ್ಲಿ ಸಿಗುವವರು ಬದುಕಿ ಬಂದವರು ಮಾತ್ರ, ಇಲ್ಲಿ ಸತ್ತವರ ರಕ್ತವೂ ಇತ್ತು. ಆಮೇಲೆ ಅಟ್ಯಾಕ್ ಆದವರನ್ನೂ ಆಗದವರನ್ನೂ ಹೋಲಿಸಿದರು. ಪಿಎಲ್‌ಎ2 ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇತ್ತು. ನಂತರದ ಅಧ್ಯಯನಗಳು ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ಅಪಾಯ ಇದ್ದರೂ ತೀರಾ ಸಣ್ಣದು ಅನ್ನುವ ಕಡೆಗೆ ತಕ್ಕಡಿ ವಾಲಿತು. 2007ರಲ್ಲಿ ಇಡೀ ಜೀನೋಮ್ ಜಾಲಾಡಿದಾಗ ಎದ್ದು ಕಂಡದ್ದು 9ನೇ ಕ್ರೋಮೋಸೋಮಿನ ಒಂದು ಜಾಗ. ಪಿಎಲ್‌ಎ ಜೀನ್ ಇರುವುದು 17ರಲ್ಲಿ.

ಕೊಂಡಿಯ ಕತೆ ಮಾತ್ರ ವ್ಯರ್ಥವಾಗಲಿಲ್ಲ. ಅದನ್ನೇ ತಡೆಯುವ ಅಬ್ಸಿಕ್ಸಿಮ್ಯಾಬ್ 1994ರಲ್ಲೇ ಔಷಧಿಯಾಗಿ ಬಂದಿತ್ತು.

ಜೀನ್ ನಿಜಕ್ಕೂ ಲೆಕ್ಕಕ್ಕೆ ಬಂದದ್ದು ಇನ್ನೊಂದು ಕಡೆ, ಅದೂ ಲಿವರ್‌ನಲ್ಲಿ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೋಗ್ರೆಲ್ ಸುಮ್ನೆ ಕೆಲಸ ಮಾಡುವುದಿಲ್ಲ. ಲಿವರ್‌ನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಿಸಿದ ಮೇಲೇ ಅದು ಪ್ಲೇಟ್‌ಲೆಟ್ ತಡೆಯುತ್ತದೆ. ತಂದೆ-ತಾಯಿ ಇಬ್ಬರಿಂದಲೂ ಕೆಲಸ ಮಾಡದ ಕಿಣ್ವದ ಜೀನ್ ಬಂದವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದನ್ನು ಮಾತ್ರೆಯ ಮಾಹಿತಿಯಲ್ಲೇ ಎಚ್ಚರಿಕೆಯಾಗಿ ಹಾಕಿಸಿದರು. ಇಂಥ ಜೀನ್ ಯುರೋಪಿನವರಿಗಿಂತ ಭಾರತೀಯರಲ್ಲಿ ಜಾಸ್ತಿ. ಹಾಗಿದ್ದವರಿಗೆ ಈ ಕಿಣ್ವವನ್ನು ನೆಚ್ಚದ ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್ ಬರೆದುಕೊಡಬಹುದು. ಅವುಗಳಲ್ಲಿ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು, ಆದ್ದರಿಂದ ಆಯ್ಕೆ ಡಾಕ್ಟರದ್ದೇ.