ಅಕ್ಕಡಿ ಸಾಲು ಅಳಿಸಿಹೋದ ಬಗೆ

ಕೂರಿಗೆ ಬಿತ್ತನೆ ನೋಡಿದವರಿಗೆ ಗೊತ್ತು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಎತ್ತು ಹೊಡೆಯಲು ಒಬ್ಬರು, ಕೂರಿಗೆಯ ಬಟ್ಟಲಿಗೆ ರಾಗಿ ಬಿಡಲು ಇನ್ನೊಬ್ಬರು. ಇವರ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಬಿದಿರಿನ ಕೊಳವೆ ಹಿಡಿದು ಮೂರನೆಯವರು ನಡೆಯಬೇಕು. ನಮ್ಮ ತುಮಕೂರು ಸೀಮೆಯಲ್ಲಿ ಆ ಮೂರನೆಯವರು ಸಾಮಾನ್ಯವಾಗಿ ಮನೆಯ ಹೆಂಗಸು. ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ ಬೆರೆಸಿದ ಬೀಜ. ಎಂಟು ಹತ್ತು ಸಾಲು ರಾಗಿಗೆ ಒಂದು ಸಾಲಿನಂತೆ ಆಕೆ ಆ ಕೊಳವೆಗೆ ಬೀಜ ಬಿಡುತ್ತಾ ಹೋಗುತ್ತಾಳೆ. ಅದೇ ಅಕ್ಕಡಿ ಸಾಲು.

ಯಾವ ಬೀಜ ಎಷ್ಟು ಬೆರೆಸಬೇಕು ಎಂದು ಗಂಡಸರನ್ನು ಕೇಳುವ ಪದ್ಧತಿ ಇರಲಿಲ್ಲ. ನಮ್ಮಜ್ಜಿ ಅವರೆ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ, ಬಾಯಿಗೆ ಬೇವಿನ ಸೊಪ್ಪು ತುರುಕಿ ಅಟ್ಟದ ಮೇಲಿಡುತ್ತಿದ್ದಳು. ಆ ಮಡಕೆ ಮುಟ್ಟುವ ಧೈರ್ಯ ತಾತನಿಗೂ ಇರಲಿಲ್ಲ. ರಾಗಿ ಮನೆಯದ್ದು, ಅಕ್ಕಡಿ ಅಜ್ಜಿಯದ್ದು.

ಸುಸ್ಥಿರ ಕೃಷಿ, ಎಲ್ಲರನ್ನೂ ಒಳಗೊಂಡ ಕೃಷಿ ಎಂಬ ಮಾತು ಈಗ ಸಭೆ ಸಭೆಯಲ್ಲೂ ಕೇಳುತ್ತದೆ. ದಕ್ಷಿಣ ಕರ್ನಾಟಕದ ಒಣಭೂಮಿಯಲ್ಲಿ ಆ ಎರಡೂ ಗುಣ ಒಂದೇ ಹೊಲದಲ್ಲಿ ಇದ್ದವು. ಅವು ಹೋದದ್ದೂ ಒಟ್ಟಿಗೇ.

ಅಕ್ಕಡಿಯ ಲೆಕ್ಕಾಚಾರ ಸರಳ. ಒಂದೆರಡು ಎಕರೆಯ ಬಡವನಿಗೆ ಮಳೆಯ ಮೇಲೆ ಭರವಸೆ ಇಲ್ಲ, ಹಾಗಾಗಿ ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಹೂಡುವುದಿಲ್ಲ. ಮೊದಲು ಸಾಸಿವೆ ಕೈಗೆ ಬರುತ್ತದೆ, ಆಮೇಲೆ ರಾಗಿ, ರಾಗಿ ಕುಯ್ದ ಮೇಲೂ ಇಬ್ಬನಿ ಕುಡಿದು ಅವರೆ ನಿಂತಿರುತ್ತದೆ, ಕೊನೆಗೆ ತೊಗರಿ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಅವರೆ, ಅಲಸಂದೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಎತ್ತರದ ಜೋಳದ ಮೇಲೆ ಕೂತ ಹಕ್ಕಿ ಹುಳ ಹೆಕ್ಕುತ್ತದೆ. ಮಳೆ ಕೈಕೊಟ್ಟ ವರ್ಷವೂ ಏನಾದರೊಂದು ಉಳಿಯುತ್ತದೆ. ರಾಗಿ ಮಿಕ್ಕರೆ ನೆಲದೊಳಗಿನ ಹಗೇವಿಗೆ ತುಂಬಿಟ್ಟು ವರ್ಷಗಟ್ಟಲೆ ಕಾಯಬಹುದಿತ್ತು, ಏಕೆಂದರೆ ಅದಕ್ಕೆ ಹುಳು ಬೀಳುವುದು ಕಡಿಮೆ. ಬರಕ್ಕೆ ಬಡವರು ಮಾಡಿಕೊಂಡ ವಿಮೆ ಅದು.

ಇದನ್ನು ಹಾಳುಮಾಡಿದ್ದು ವಿಜ್ಞಾನ ಎಂದು ಕೆಲವರು ಥಟ್ಟನೆ ಹೇಳಿಬಿಡುತ್ತಾರೆ. ಅದು ಅನ್ಯಾಯದ ಮಾತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಕೃಷಿ ಇಲಾಖೆಯ ಮುಖ್ಯಸ್ಥರಾಗಿ ರಾಗಿಯನ್ನು ಗಂಭೀರವಾಗಿ ಅಧ್ಯಯನ ಮಾಡಿದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರ ಸಾಧನೆ ಇನ್ನೂ ದೊಡ್ಡದು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಗಂಡು ಭಾಗ ಕಿತ್ತು ಸಂಕರ ಮಾಡುವುದು ಬಹಳ ಕಷ್ಟ. ಅವರು ಎರಡು ಗಿಡಗಳ ತೆನೆಗಳನ್ನು ಒತ್ತಾಗಿ ಕಟ್ಟಿ ತಂತಾನೇ ಪರಾಗ ಸೇರುವಂತೆ ಮಾಡಿದರು. ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿದ ಇಂಡಾಫ್ ತಳಿಗಳು ಅವರ ಕೊಡುಗೆ. ಅವರನ್ನು ಜನ ಇಂದಿಗೂ ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಾರೆ. ಆದರೆ ಇಲಾಖೆಗಳ ಲೆಕ್ಕದಲ್ಲಿ ಇಳುವರಿ ಎಂದರೆ ಎಕರೆಗೆ ಎಷ್ಟು ಕ್ವಿಂಟಲ್ ರಾಗಿ ಎಂದಷ್ಟೇ ಆಯಿತು. ಮಡಿಲಿನ ಅವರೆ, ಹಸುವಿಗೆ ಹಾಕಿದ ಜೋಳದ ಸಪ್ಪೆ, ಒಗ್ಗರಣೆಯ ಸಾಸಿವೆ ಯಾವ ಕೋಷ್ಟಕಕ್ಕೂ ಹತ್ತಲಿಲ್ಲ.

ನಿಜವಾದ ಪೆಟ್ಟು 1960ರ ದಶಕದ ನಡುವಿನಿಂದ ಶುರುವಾಯಿತು. ಹಸಿವಿನ ಆ ಕಾಲದಲ್ಲಿ ಸರ್ಕಾರ ಅಕ್ಕಿ, ಗೋಧಿಯ ಬೆನ್ನಿಗೆ ನಿಂತದ್ದು ಅರ್ಥವಾಗುವಂಥದ್ದೇ. ಭಾರತೀಯ ಆಹಾರ ನಿಗಮ 1965ರಲ್ಲಿ ಹುಟ್ಟಿತು. ಖರೀದಿ, ಗೊಬ್ಬರದ ಸಬ್ಸಿಡಿ, ಕಾಲುವೆ ನೀರು ಆ ಎರಡು ಬೆಳೆಗಳ ಕಡೆಗೇ ಹರಿದವು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತಾ ಹೋದಂತೆ ಅನ್ನ ಉಣ್ಣುವುದು ಅಂತಸ್ತಿನ ಗುರುತಾಯಿತು, ಮುದ್ದೆ ಬಡವರ ಊಟವಾಯಿತು. 1950ರ ದಶಕದಲ್ಲಿ ದೇಶದಲ್ಲಿ ಇದ್ದ ರಾಗಿಯ ನೆಲ ಅರವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯುವುದು ನಮ್ಮ ರಾಜ್ಯವೇ, ಹಾಗಾಗಿ ಏಟೂ ನಮಗೇ ಹೆಚ್ಚು.

1980ರ ದಶಕದಲ್ಲಿ ನೀಲಗಿರಿ ಬಂತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳಲ್ಲಿ ನೀಲಗಿರಿ ನಾಟಿಯಾಯಿತು. ಸ್ವಲ್ಪ ಹೆಚ್ಚು ಜಮೀನಿದ್ದವರಿಗೆ ಅದು ಅನುಕೂಲ: ಕಳೆ ಕೀಳಬೇಕಿಲ್ಲ, ಕಾವಲು ಬೇಕಿಲ್ಲ, ಕೆಲವು ವರ್ಷ ಬಿಟ್ಟು ಕಡಿದು ಮಾರಿದರಾಯಿತು. ಅವರ ಹೊಲದಲ್ಲಿ ಕೂಲಿ ಮಾಡಿ ಕಾಳು ತರುತ್ತಿದ್ದವರ ಬದುಕು ಮಾತ್ರ ಖಾಲಿಯಾಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದದ್ದು ಬರೀ ಆವೇಶದಿಂದಲ್ಲ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಲು 2017 ಬರಬೇಕಾಯಿತು.

ಅಕ್ಕಡಿಯನ್ನು ಕೊನೆಗೆ ಮುಗಿಸಿದ್ದು ಆಳಿನ ಅಭಾವ. ಹರೆಯದವರೆಲ್ಲ ಗಾರ್ಮೆಂಟ್ಸಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರು ಸೇರಿದ ಮೇಲೆ ಕಳೆ ತೆಗೆಯುವವರು ಯಾರು? ಕಳೆನಾಶಕ ಬಂತು. ರಾಗಿಯನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುವ ಔಷಧಿಗೆ ಅವರೆಯೂ ಕಳೆಯೇ. ಕಟಾವಿಗೆ ಯಂತ್ರ ಬಂತು. ನಾಲ್ಕು ಬೆಳೆ ನಾಲ್ಕು ಹೊತ್ತಿಗೆ ಮಾಗುವ ಹೊಲದಲ್ಲಿ ಯಂತ್ರ ನುಗ್ಗಿಸಲಾಗದು, ಆದ್ದರಿಂದ ರಾಗಿ ಒಂದೇ ಉಳಿಯಿತು. ಅಕ್ಕಡಿ ಬಿಟ್ಟವರನ್ನು ನಾನು ದೂರಲಾರೆ. ಅರವತ್ತು ದಾಟಿದ ಇಬ್ಬರು ಮುದುಕರು ಎರಡು ಎಕರೆಯನ್ನು ಇನ್ನು ಹೇಗೆ ನಿಭಾಯಿಸಬೇಕು?

2013ರ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಯ ಜೊತೆ ರಾಗಿ, ಜೋಳದಂಥ ಒರಟು ಧಾನ್ಯವನ್ನೂ ಸೇರಿಸಿತು. 2018ರಲ್ಲಿ ಕೇಂದ್ರ ಆ ‘ಒರಟು’ ಹೆಸರನ್ನು ಬಿಟ್ಟು ಪೌಷ್ಟಿಕ ಧಾನ್ಯ ಎಂದು ಕರೆಯಿತು. ಆ ವರ್ಷವೇ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 1,900ರಿಂದ 2,897 ರೂಪಾಯಿಗೆ ಏರಿತು, 2024-25ರ ಹೊತ್ತಿಗೆ 4,290 ಆಯಿತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ಇದೆಲ್ಲ ಒಳ್ಳೆಯದೇ. ಖರೀದಿ ಕೇಂದ್ರದ ಮುಂದೆ ರಾಗಿ ಮೂಟೆ ಇಳಿಸಿದ ರೈತನ ಮುಖ ನೋಡಿದರೆ ಬೆಲೆಯ ಬೆಲೆ ಗೊತ್ತಾಗುತ್ತದೆ.

ಆದರೆ ಆ ಕೇಂದ್ರದಲ್ಲಿ ಮಾರಲು ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಜಮೀನಿನ ದಾಖಲೆಯಾದ ಪಹಣಿ ಬೇಕು. ಪಹಣಿಯಲ್ಲಿ ಹೆಸರು ಯಾರದ್ದು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೂ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಶೇ. 14ರಷ್ಟು ಮಾತ್ರ.

ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಇಲ್ಲವೇ ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಷ್ಟ. 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು, ನಮ್ಮ ರಾಜ್ಯದ ಬಹುದೊಡ್ಡ ಕೆಲಸ ಅದು. ಅದರೊಂದಿಗೇ ಹೊಲವನ್ನು ಹೊಸದಾಗಿ ಗೇಣಿಗೆ ಕೊಡುವುದನ್ನು ಕಾನೂನು ನಿಷೇಧಿಸಿತು. ಹಾಗಾಗಿ ಇಂದು ಪಟ್ಟಣ ಸೇರಿದವರ ಹೊಲವನ್ನು ಬಾಯಿಮಾತಿನ ಮೇಲೆ ಮಾಡುವವರಿಗೆ ಒಂದು ಚೀಟಿಯೂ ಇಲ್ಲ. ಬೆಳೆವಿಮೆ, ಬರ ಪರಿಹಾರ, ಬೆಂಬಲ ಬೆಲೆ ಪಹಣಿದಾರನ ಹೆಸರಿಗೇ. ಅಕ್ಕಡಿಯ ಅವರೆ, ಅಲಸಂದೆಗಂತೂ ಬೆಂಬಲ ಬೆಲೆಯೇ ಇಲ್ಲ. ಹುಚ್ಚೆಳ್ಳಿಗೆ ಇದೆ, ಆದರೆ ಐದು ಸೇರು ಹುಚ್ಚೆಳ್ಳು ಹೊತ್ತು ಖರೀದಿ ಕೇಂದ್ರಕ್ಕೆ ಯಾರು ಹೋಗುತ್ತಾರೆ? ಒಂದೇ ಬೆಳೆಗೆ ದುಡ್ಡು, ಒಂದೇ ಹೆಸರಿಗೆ ದುಡ್ಡು ಎಂದಾದಾಗ ಹೊಲವೂ ಹಾಗೇ ಆಗುತ್ತದೆ. ಉಳುವವರ ಹೆಸರನ್ನು ದಾಖಲಿಸುವ, ಮಾಲೀಕರ ಹಕ್ಕಿಗೆ ಚ್ಯುತಿ ಬಾರದ ಒಂದು ದಾರಿ ಹುಡುಕದೆ ಸಿರಿಧಾನ್ಯದ ಸಿರಿ ಆ ಮನೆಗಳನ್ನು ತಲುಪದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋದ ಮುಂಗಾರಿನಲ್ಲಿ ನಮ್ಮ ಚಿಕ್ಕಮ್ಮ ಅಕ್ಕಡಿ ಹಾಕಿಯೇ ತೀರುತ್ತೇನೆಂದು ಹಟ ಹಿಡಿದರು. ಹತ್ತಿರದಲ್ಲಿ ಯಾರ ಮನೆಯಲ್ಲೂ ಕೂರಿಗೆ ಸಿಗಲಿಲ್ಲ. ಟ್ರ್ಯಾಕ್ಟರ್ ರಾಗಿ ಬಿತ್ತಿ ಹೋದ ಮೇಲೆ ಗುದ್ದಲಿಯ ಮೂಲೆಯಿಂದ ಗೆರೆ ಎಳೆದು, ಬಗ್ಗಿಕೊಂಡೇ ನಾಲ್ಕು ಸಾಲು ಅವರೆ ಊರಿದರು. ಕಳೆನಾಶಕ ಹೊಡೆಯಲು ಬಂದವನನ್ನು ಬದುವಿನಿಂದಲೇ ವಾಪಸ್ ಕಳಿಸಿದರು. ಸಂಕ್ರಾಂತಿಗೆ ಮುಂಚೆ ಸೊಗಡಿನ ಕಾಯಿ ಎರಡು ಚೀಲ ಆಯಿತು. ರಸ್ತೆ ಬದಿಯಲ್ಲಿ ಅವರೇ ಕೂತು ಮಾರಿದರು. ಒಂದು ಬೊಗಸೆ ಒಣಗಿಸಿ, ಕೆಮ್ಮಣ್ಣು ಬಳಿದು, ಅಜ್ಜಿಯ ಆ ಹಳೆಯ ಮಡಕೆಯಲ್ಲಿ ಈ ಸಲದ ಬಿತ್ತನೆಗೆ ಇಟ್ಟಿದ್ದಾರೆ.